ಕೌರಿ ಕಾಡಿನಲ್ಲಿ ಹನ್ನೆರಡು ಸುತ್ತು

ಗುಂಡ್ಲುಪೇಟೆ

ನ್ಯೂಜಿಲೆಂಡಿಗೆ ಹೋಗಿ ಬಂದೆ ಎಂದ ಕೂಡಲೇ ನಮ್ಮ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಎಲ್ಲರೂ ಕೇಳುವುದು, ಹಿಮದ ಬೆಟ್ಟ ನೋಡಿದ್ರಾ, ಹಡಗು ಹತ್ತಿದ್ರಾ ಎಂದು. ಎರಡೂ ಇಲ್ಲ. ಮೂರು ತಿಂಗಳಿದ್ದು ನಾನು ಕಣ್ತುಂಬ ನೋಡಿದ್ದು ಒಂದು ಸಣ್ಣ ಕಾಡನ್ನು. ಅದನ್ನೂ ಬಹುಪಾಲು ಅದರ ಬಾಗಿಲಲ್ಲಿದ್ದ ಬೆಂಚಿನ ಮೇಲೆ ಕೂತೇ ನೋಡಿದೆ. ಹಿಮದ ಬೆಟ್ಟ ಬೇಕಾದವರು ಗೋಡೆಯ ಕ್ಯಾಲೆಂಡರ್ ನೋಡಿಕೊಳ್ಳಲಿ, ನಾನು ಹೇಳುವುದು ಆ ಕಾಡಿನ ಕಥೆಯನ್ನೇ.

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಗುಂಡ್ಲುಪೇಟೆಯಿಂದ ಊಟಿಗೆ, ಇಲ್ಲವಾದರೆ ಸುಲ್ತಾನ್ ಬತ್ತೇರಿಗೆ, ಬಂಡೀಪುರದ ಕಾಡಿನ ನಡುವೆ ಮೂವತ್ತು ವರ್ಷ ಓಡಾಡಿದ್ದೇನೆ. ಆನೆ, ಕಾಟಿ, ಜಿಂಕೆ ಎಲ್ಲ ಕಿಟಕಿಯಿಂದ ಕಂಡಿದ್ದೇನೆ. ಆದರೆ ಒಂದು ದಿನವೂ ಆ ಕಾಡಿನ ನೆಲಕ್ಕೆ ಕಾಲಿಟ್ಟವನಲ್ಲ. ಅಲ್ಲಿ ಇಳಿಯುವ ಹಾಗಿಲ್ಲ. ಒಂಟಿ ಸಲಗ ಅಡ್ಡ ನಿಂತಾಗಲೆಲ್ಲ ಬಾಗಿಲಿಗೆ ಕೈ ಅಡ್ಡ ಇಟ್ಟು "ಯಾರೂ ಇಳೀಬ್ಯಾಡಿ" ಎಂದು ಕೂಗುವುದೇ ನನ್ನ ಕೆಲಸ. ನಿಜ ಹೇಳಬೇಕೆಂದರೆ, ಇಳಿಯಿರಿ ಎಂದಿದ್ದರೂ ನಾನು ಇಳಿಯುತ್ತಿರಲಿಲ್ಲ.

ನನ್ನ ಹೆಂಡತಿ ರತ್ನ ಇದಕ್ಕೆ ತದ್ವಿರುದ್ಧ. ಚಂದಕವಾಡಿಯವಳು. ಅವಳ ತವರಿನವರು ಶಿವರಾತ್ರಿಗೆ ತಾಳಬೆಟ್ಟದಿಂದ ಕಾಡಿನ ದಾರಿ ಹಿಡಿದು ಮಲೆ ಮಹದೇಶ್ವರನ ಬೆಟ್ಟಕ್ಕೆ ನಡೆದೇ ಹೋಗುವವರು. ನಮ್ಮ ಕಡೆ ಆ ದೇವರನ್ನು ಮಹದೇಶ್ವರ ಎಂದು ಯಾರೂ ಉದ್ದಕ್ಕೆ ಎಳೆಯುವುದಿಲ್ಲ, ಮಾದಪ್ಪ ಅಷ್ಟೆ. ಮದುವೆಯಾದ ಮೇಲೆ ಸಂಸಾರದಲ್ಲಿ ಮುಳುಗಿ ರತ್ನ ಆ ನಡಿಗೆ ಬಿಟ್ಟಿದ್ದಳು. ಎರಡು ವರ್ಷದ ಹಿಂದೆ ನನ್ನ ಹೃದಯ ಕೈಕೊಟ್ಟಿತು. ಮೈಸೂರಿನ ಡಾಕ್ಟರು ಒಳಗೆ ಸ್ಟೆಂಟ್ ಹಾಕುತ್ತಿದ್ದ ಹೊತ್ತಿಗೆ ಇವಳು ಹೊರಗೆ ನಿಂತು, ನನ್ನ ಗಂಡನನ್ನು ಉಳಿಸಿಕೊಡು, ಮೂರು ವರ್ಷ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು ಮಾದಪ್ಪನಿಗೆ ಹರಕೆ ಹೊತ್ತಿದ್ದಳು. ನಾನು ಉಳಿದೆ. ಅವಳು ಎರಡು ವರ್ಷ ನಡೆದಳು. ನಾನು ಎರಡು ವರ್ಷವೂ ಅವಳನ್ನು ರೇಗಿಸಿದೆ.

ಮೂರನೇ ವರ್ಷಕ್ಕೆ ಮಗಳು ಸೌಮ್ಯಳ ಹೆರಿಗೆ ಬಂತು. ಅವಳು ಆಕ್ಲೆಂಡಿನ ವೃದ್ಧಾಶ್ರಮವೊಂದರಲ್ಲಿ ನರ್ಸು. ಅಳಿಯ ಮಹೇಶ ಹರವೆಯ ಹುಡುಗ, ಅಲ್ಲಿ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಬಾಣಂತನಕ್ಕೆ ಅಮ್ಮ ಬರದಿದ್ದರೆ ಹೇಗೆ? ಅಲ್ಲಿಗೆ ಹೋದರೆ ಶಿವರಾತ್ರಿಗೆ ಇಲ್ಲಿರಲು ಆಗುವುದಿಲ್ಲ. ರತ್ನ ಒಂದು ವಾರ ಊಟ ಸರಿಯಾಗಿ ಮಾಡಲಿಲ್ಲ. ಅರ್ಧ ತೀರಿಸಿದ ಹರಕೆ ಪೂರಾ ತೀರಿಸದ ಹರಕೆಗಿಂತ ಅಪಾಯ ಎಂದು ಅವಳ ನಂಬಿಕೆ. ಮಾದಪ್ಪ ಕೊಟ್ಟಿದ್ದನ್ನು ವಾಪಸ್ ಕೇಳಿದರೆ ಎಂಬ ಹೆದರಿಕೆ. ಕೇಳುವುದು ಏನನ್ನು ಎಂದು ಬಿಡಿಸಿ ಹೇಳಬೇಕಾಗಿಲ್ಲ, ಆ ಸಾಮಾನು ನಾನೇ.

ವಿಮಾನ ನಿಲ್ದಾಣ

ಆಕ್ಲೆಂಡಿನಲ್ಲಿ ಇಳಿದ ಕೂಡಲೇ ಒಬ್ಬ ಅಧಿಕಾರಿ ನಮ್ಮನ್ನು ಪಕ್ಕಕ್ಕೆ ಕರೆದ. ರಾಗಿಹಿಟ್ಟು, ಅರಿಶಿನ, ಮಾದಪ್ಪನ ವಿಭೂತಿ ಎಲ್ಲದಕ್ಕೂ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಆತ ಅವನ್ನೆಲ್ಲ ನೋಡಿ ತಲೆಯಾಡಿಸಿ, ಬ್ಯಾಗಿನ ತಳದಲ್ಲಿದ್ದ ನನ್ನ ಹಳೇ ಶೂ ಎತ್ತಿ ಹಿಡಿದ. ಅಡಿಯಲ್ಲಿ ನಮ್ಮ ಹಿತ್ತಲ ಕೆಮ್ಮಣ್ಣು ಒಣಗಿ ಅಂಟಿತ್ತು. ಅದನ್ನು ಒಳಗೆ ತೆಗೆದುಕೊಂಡು ಹೋದವನು ಹತ್ತು ನಿಮಿಷ ಬಿಟ್ಟು ತೊಳೆದು, ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು ತಂದುಕೊಟ್ಟ. ಅವರಿಗೆ ಬೇರೆ ದೇಶದ ಮಣ್ಣೆಂದರೆ ಅಷ್ಟು ಭಯವಂತೆ.

"ಯೂನಿಫಾರಂ ಹಾಕ್ಕಂಡಿರೊ ಆಫೀಸರು ನಿಮ್ ಶೂ ತೊಳ್ದು ಕೊಟ್ರಲ್ಲಾ! ನಾನು ಒಂದಿನನಾದ್ರೂ ತೊಳ್ದಿದ್ನಾ?" ಎಂದಳು ರತ್ನ. ಬೆಂಗಳೂರಿನಲ್ಲಿ ವಿಮಾನ ಹತ್ತಿದ ಮೇಲೆ ಅವಳು ಆಡಿದ ಮೊದಲ ಮಾತು ಅದು.

ಬರಿಗಾಲ ಜನ

ಮೊಮ್ಮಗಳು ಹುಟ್ಟಿದಳು. ರತ್ನ ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆಯಲ್ಲಿ ಮುಳುಗಿದಳು. ಒಂದು ಸಲ ಸಾಂಬ್ರಾಣಿ ಹಾಕಿದಾಗ, ಹೊಗೆ ಕಂಡರೆ ಕೂಗುವ ಮನೆಯ ಗಂಟೆ ಬಡಿದುಕೊಂಡು, ಪಕ್ಕದ ಮನೆಯವರು ಬಕೆಟ್ ಹಿಡಿದು ಓಡಿ ಬಂದರು. ಬೆಂಕಿ ಇಲ್ಲ, ಮಗು ಇದೆ ಎಂದು ತಿಳಿದು ಮಾರನೇ ದಿನ ಕೇಕ್ ಮಾಡಿಕೊಂಡು ಬಂದರು.

ಅಲ್ಲಿಯ ಜನರದು ಒಂದು ವಿಚಿತ್ರ ಅಭ್ಯಾಸ. ಅಂಗಡಿ, ಪೆಟ್ರೋಲ್ ಬಂಕ್, ಬ್ಯಾಂಕು, ಎಲ್ಲೆಂದರಲ್ಲಿ ಬರಿಗಾಲಲ್ಲಿ ಓಡಾಡುತ್ತಾರೆ. ಬಡತನವಲ್ಲ, ಕಾರಿನಿಂದ ಇಳಿದೇ ಬರಿಗಾಲಲ್ಲಿ ಬರುತ್ತಾರೆ. ಮೊದಲ ಸಲ ಸೂಪರ್ ಮಾರ್ಕೆಟ್ಟಿನಲ್ಲಿ ಒಬ್ಬ ಗಡ್ಡದ ಆಸಾಮಿ ಬರಿಗಾಲಲ್ಲಿ ಬ್ರೆಡ್ಡು ಆರಿಸುತ್ತಿದ್ದುದನ್ನು ಕಂಡು ರತ್ನ ಟ್ರಾಲಿ ನಿಲ್ಲಿಸಿಬಿಟ್ಟಳು.

"ಇವ್ರೂ ಅರ್ಕೆ ಒತ್ಕಂಡವ್ರಾ?" ಎಂದು ಕೇಳಿದಳು.

"ಊರಿಗೂರೇ ಹೊತ್ಕಂಡಿರಬೇಕು ಕಣಮ್ಮಿ," ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಆ ಬರಿಗಾಲು ಅವಳ ತಲೆಗೆ ಹೊಕ್ಕಿತು. ಆ ಸಂಜೆಯೇ ಚಂದಕವಾಡಿಯ ತನ್ನ ದೊಡ್ಡಮ್ಮನಿಗೆ ವಿಡಿಯೋ ಕಾಲ್ ಮಾಡಿ, ಹರಕೆಯ ನಡಿಗೆಯನ್ನು ಇಲ್ಲೇ ನಡೆದರೆ ಸಲ್ಲುತ್ತದೆಯೇ ಎಂದು ಕೇಳಿದಳು. ದೊಡ್ಡಮ್ಮನಿಗೆ ಎಂಬತ್ತು ದಾಟಿದೆ. ನಮ್ಮ ಮನೆತನಕ್ಕೆ ಇಂಥ ವಿಷಯದಲ್ಲಿ ಆಕೆಯೇ ಸುಪ್ರೀಂ ಕೋರ್ಟು.

"ಕಾಡಾಗಿರ್ಬೇಕು, ಬರಿಗಾಲಾಗಿರ್ಬೇಕು, ಅಷ್ಟೇ ದೂರ ಇರ್ಬೇಕು. ಇನ್ನೇನವ್ವ? ಕಾಡೆಲ್ಲ ಮಾದಪ್ಪುಂದೆಯ," ಎಂದಿತು ಮುದುಕಿ.

ಮೂರರಲ್ಲಿ ಎರಡು ಸುಲಭ. ದೂರವೇ ತೊಂದರೆ. ಅಲ್ಲಿ ಕೌರಿ ಎಂಬ ಭಾರಿ ಮರಗಳಿವೆ. ನಾಲ್ಕು ಜನ ಕೈ ಹಿಡಿದರೂ ತಬ್ಬಲಾಗದ ದಪ್ಪ, ಆನೆಯ ಚರ್ಮದ ಬಣ್ಣ. ಆ ಮರಗಳಿಗೆ ಏನೋ ಬೇರು ಕೊಳೆಯುವ ಜಡ್ಡು ಬಂದು, ಕಾಡಿನ ಉದ್ದನೆಯ ದಾರಿಗಳನ್ನೆಲ್ಲ ಮುಚ್ಚಿದ್ದರು. ಮನೆಯ ಹತ್ತಿರ ತೆರೆದಿದ್ದದ್ದು ಒಂದು ಪುಟ್ಟ ರಕ್ಷಿತ ಕಾಡು, ಅದರೊಳಗೆ ಸುತ್ತಿ ಹೊರಟ ಜಾಗಕ್ಕೇ ಬರುವ ಒಂದು ಕಾಲುದಾರಿ. ಸೌಮ್ಯ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಫೋನಿನಲ್ಲಿ ಗುಣಾಕಾರ ಭಾಗಾಕಾರ ಮಾಡಿ ಹೇಳಿದಳು:

"ಅಮ್ಮಾ, ತಾಳಬೆಟ್ಟದಿಂದ ಬೆಟ್ಟಕ್ಕೆ ಎಷ್ಟೋ ಅಷ್ಟಾಗಬೇಕಾದ್ರೆ ಇದನ್ನ ಹನ್ನೆರಡು ಸಲ ಸುತ್ತಬೇಕು."

"ಸುತ್ತನ ಬುಡು," ಎಂದಳು ರತ್ನ, ಅಂಗಳಕ್ಕೆ ನೀರು ಹಾಕುವ ಮಾತಾಡಿದಷ್ಟು ಸಲೀಸಾಗಿ.

ಕಾಡಿನ ಬಾಗಿಲು

ಶಿವರಾತ್ರಿ ಅಲ್ಲಿಗೆ ನಮ್ಮೂರಿಗಿಂತ ಏಳೂವರೆ ಗಂಟೆ ಮೊದಲೇ ಬರುತ್ತದೆ. ಬೇಸಿಗೆಯ ಕೊನೆ, ಹೊತ್ತು ಮುಳುಗುವುದು ತಡ. ಬೆಳಿಗ್ಗೆ ಒಂಬತ್ತಕ್ಕೆ ಮಹೇಶ ನಮ್ಮನ್ನು ಇಳಿಸಿ, ಸಂಜೆ ಏಳರೊಳಗೆ ಗೇಟು ಹಾಕುತ್ತಾರೆ, ಆಗ ಬರುತ್ತೇನೆ ಎಂದು ಹೋದ. ರತ್ನಳದು ಕೆಂಪು ಸೀರೆ, ಹಣೆ ತುಂಬ ವಿಭೂತಿ, ನೀರೂ ಬಾಳೆಹಣ್ಣೂ ಬಿಟ್ಟರೆ ಇಡೀ ದಿನ ಉಪವಾಸ. ನನಗೆ ಮಾತ್ರೆ ನುಂಗುವವನೆಂಬ ವಿನಾಯಿತಿಯ ಮೇಲೆ ಚಪಾತಿ ಡಬ್ಬಿ. ನಡೆಯುವ ವಿನಾಯಿತಿಯನ್ನೂ ಅವಳೇ ಕೊಟ್ಟಿದ್ದಳು.

"ನೀವು ಬೆಂಚಿನ್ ಮ್ಯಾಲೆ ಕುಂತ್ಕಂಡು ಸುತ್ತು ಎಣಿಸ್ಕಳಿ. ಕಂಡಕ್ಟರ್ ಕೆಲ್ಸ ಅಲ್ವಾ," ಎಂದಳು.

ಕಾಡಿನ ಬಾಗಿಲಲ್ಲಿ ಒಂದು ಸಣ್ಣ ಚಪ್ಪರ. ಅದರಡಿ ನೆಲಕ್ಕೆ ಕೂಡಿಸಿದ ಬ್ರಷ್ಷುಗಳು, ಕಾಲಿಟ್ಟು ಒತ್ತಿದರೆ ಔಷಧಿ ಚಿಮ್ಮುವ ಹಲಗೆ. ನಮ್ಮ ಮುಂದಿದ್ದ ಇಬ್ಬರು ಅಲ್ಲಿ ನಿಂತು ಬಗ್ಗಿ ಶೂಗಳ ಜೊತೆ ಏನೋ ಮಾಡುತ್ತಿದ್ದರು. ರತ್ನ ಅದನ್ನು ನೋಡಿದವಳೇ ಮುಖ ಅರಳಿಸಿ, ಚಪ್ಪಲಿ ಕಳಚಿ, ಜೋಡಿಯಾಗಿ ಆ ಬ್ರಷ್ಷಿನ ಪಕ್ಕ ಇಟ್ಟು, ಕೈ ಮುಗಿದು ಒಳಗೆ ಹೊರಟಳು.

"ನೋಡುದ್ರಾ? ಇವ್ರೂ ಚಪ್ಲಿ ಬಿಟ್ಟೇ ಒಳೀಕ್ ಓಗದು."

ಹಿಂದಿನಿಂದ ಒಬ್ಬ ಹೆಂಗಸು ಆ ಚಪ್ಪಲಿ ಹಿಡಿದುಕೊಂಡು ಓಡಿ ಬಂದರು. ಎಪ್ಪತ್ತರ ಹತ್ತಿರದವರು, ಬಿಳಿ ಕೂದಲು, ಮೊಣಕಾಲಿನ ತನಕ ಚಡ್ಡಿ. ಹೆಸರು ಹೆಲೆನ್ ಎಂದರು. ಅವತ್ತು ಅವರ ಸೇವೆ ಆ ಬಾಗಿಲಲ್ಲಿ ಕೂತು, ಒಳಗೆ ಹೋಗುವವರಲ್ಲಿ ಯಾರು ಶೂ ಉಜ್ಜಿಕೊಂಡರು, ಯಾರು ಉಜ್ಜದೆ ನುಸುಳಿದರು ಎಂದು ಪುಸ್ತಕದಲ್ಲಿ ಬರೆಯುವುದು. ಮರದ ಜಡ್ಡು ಮಣ್ಣಿನಲ್ಲಿದೆ, ಜನರ ಪಾದಕ್ಕೆ ಅಂಟಿ ಒಂದು ಬೇರಿನಿಂದ ಇನ್ನೊಂದಕ್ಕೆ ಹೋಗುತ್ತದೆ, ಆದ್ದರಿಂದ ಹೋಗುವಾಗ ಬರುವಾಗ ಎರಡೂ ಸಲ ತೊಳೆಯಬೇಕು ಎಂದು ವಿವರಿಸಿದರು. ನಾನು ಊಟಿ ರೂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಅರ್ಥ ಮಾಡಿಕೊಂಡು ರತ್ನಳಿಗೆ ಹೇಳಿದೆ.

"ಅಯ್ಯೋ ಶಿವನೆ! ನಮ್ ಕಾಲಿಂದ ಅಷ್ಟ್ ದೊಡ್ಡ ಮರಕ್ಕೆ ಜಡ್ಡಾ?" ಎಂದವಳೇ ಚಪ್ಪರದಡಿಗೆ ವಾಪಸ್ ಬಂದು ಎರಡೂ ಪಾದ ಮುಂದಿಟ್ಟಳು. ಚರ್ಮಕ್ಕೆ ಔಷಧಿ ಬೇಡ ಎಂದು ಹೆಲೆನ್ ಚಪ್ಪರದ ಪಕ್ಕದ ತಮ್ಮ ಕಾವಲು ಗುಡಿಸಲಿನಿಂದ ಬಕೆಟ್ಟಿನಲ್ಲಿ ನೀರು, ಸೋಪು, ಮೆತ್ತನೆಯ ಬ್ರಷ್ಷು ತಂದರು. ರತ್ನ ಬೆರಳ ಸಂದಿಯನ್ನೂ ಬಿಡದೆ ತೊಳೆದಳು. ಬರಿಗಾಲು ಯಾಕೆ ಎಂದು ಆ ತಾಯಿ ಕೇಳಲಿಲ್ಲ. ಅವರ ಕಾಲಲ್ಲೂ ಏನೂ ಇರಲಿಲ್ಲ.

ಬೆಂಚು

ನಾನು ಬೆಂಚಿನ ಮೇಲೆ ಕೂತೆ. ಪೆನ್ಸಿಲು ಕಿವಿಯ ಮೇಲೆ, ಮಗುವಿನ ಲಸಿಕೆ ಚೀಟಿಯ ಹಿಂಬದಿ ತೊಡೆಯ ಮೇಲೆ. ಮೊದಲ ಸುತ್ತು ಮುಗಿಸಿ ಬಂದ ರತ್ನಳ ಮುಖ ಹೊಳೆಯುತ್ತಿತ್ತು.

"ಬೇರು ತುಳೀಬಾರ್ದು ಅಂತ ಹಲ್ಗೆ ಹಾಸವ್ರೆ ಕಣಿ. ಜಾರ್ಬಾರ್ದು ಅಂತ ಹಲ್ಗೆ ಮ್ಯಾಲೆ ಕೋಳಿ ಗೂಡಿನ ತಂತಿ ಬಡ್ದವ್ರೆ, ಅದೊಂದು ಚುಚ್ತದೆ. ಒಂದು ಗುಬ್ಬಿಯಂತದು ಬಾಲ ಬೀಸಣಿಗೆ ಮಾಡ್ಕಂಡು ನನ್ ಹಿಂದೇನೆ ಬತ್ತದೆ. ಹುಲಿ ಇಲ್ವಂತಲ್ಲ ಈ ದೇಸ್ದಲ್ಲಿ, ಮಾದಪ್ಪ ಏನ್ ಹತ್ಕಂಡ್ ಬತ್ತನೆ ಅನ್ಕಂಡೆ. ಅದುನ್ನೆ ಕಳ್ಸವ್ನೆ."

ಹುಲಿಯನ್ನೇ ವಾಹನ ಮಾಡಿಕೊಂಡ ದೇವರು ಗುಬ್ಬಿ ಗಾತ್ರದ ಹಕ್ಕಿಯ ಮೇಲೆ ಬಂದರೆ ಆ ಹಕ್ಕಿಯ ಗತಿ ಏನು ಎಂದು ನಾನು ಕೇಳಿದೆ. ಅವಳು ಪಾದ ತೊಳೆದು ಎರಡನೇ ಸುತ್ತಿಗೆ ಹೊರಟೇಬಿಟ್ಟಳು.

ಆ ದಿನ ನಾನು ಕಂಡ ಜನ ಒಬ್ಬರಿಗಿಂತ ಒಬ್ಬರು. ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ಅಪ್ಪಂದಿರು. ಮರದ ಬುಡದಲ್ಲಿ ನಿಂತು ಮೇಲೆ ನೋಡುತ್ತ ಅರ್ಧ ಗಂಟೆ ಮಾತಿಲ್ಲದ ಮುದುಕ. ತನ್ನ ನಾಯಿಯನ್ನು ಒಳಗೆ ಬಿಡುವುದಿಲ್ಲ ಎಂಬ ಬೋರ್ಡನ್ನು ಆ ನಾಯಿಗೇ ಓದಿ ಹೇಳಿ, ಅದರ ಕ್ಷಮೆ ಕೇಳಿ ಹಿಂದಿರುಗಿದ ಹುಡುಗಿ. ಕಸದ ಬುಟ್ಟಿ ಒಂದೂ ಇಲ್ಲ, ಕಸವೂ ಇಲ್ಲ. ನಮ್ಮ ಹೆದ್ದಾರಿಯಲ್ಲಿ ಕಿಟಕಿಯಿಂದ ಹಾರುವ ಚಿಪ್ಸ್ ಪಾಕೀಟುಗಳು ನೆನಪಾಗಿ ನಾಚಿಕೆಯಾಯಿತು. ಆದರೆ ಒಂದು ಮಾತು ಹೇಳಲೇಬೇಕು. ಆ ಕಾಡಿನಲ್ಲಿ ಹೆದರಲು ಏನೂ ಇಲ್ಲ. ಆನೆ ಇಲ್ಲ, ಚಿರತೆ ಇಲ್ಲ, ಹಾವಂತೂ ದೇಶದಲ್ಲೇ ಇಲ್ಲ. ಮೂವತ್ತು ವರ್ಷ ಎದೆ ಹಿಡಿದುಕೊಂಡು ಕಾಡು ದಾಟಿದವನಿಗೆ ಅದು ಉಪ್ಪಿಲ್ಲದ ಹುಳಿಯಂತೆ ಕಂಡಿತು. ಹಾಗಿದ್ದರೂ ನಾನು ಒಳಗೆ ಕಾಲಿಡದೆ ಬೆಂಚಿನ ಮೇಲೇ ಕೂತಿದ್ದೆ ಎಂಬುದನ್ನೂ ಹೇಳಬೇಕು.

ನಾಲ್ಕನೇ ಸುತ್ತಿಗೆ ಹೆಲೆನ್ ತಡೆಯಲಾರದೆ ನನ್ನ ಹತ್ತಿರ ಬಂದರು.

"ತಪ್ಪು ತಿಳಿಯಬೇಡಿ. ನಿಮ್ಮ ಹೆಂಡತಿ ದಾರಿ ತಪ್ಪಿದ್ದಾರೆಯೇ? ಹೊರಗೆ ಬರುವ ದಾರಿ ಎಡಕ್ಕಿದೆ."

ನನಗೆ ತಿಳಿದ ಇಂಗ್ಲಿಷಿನಲ್ಲಿ ಹೇಳಿದೆ. ದೇವರಿಗೆ ಮಾತು ಕೊಟ್ಟಿದ್ದಾಳೆ. ದೇವರ ಬೆಟ್ಟ ದೂರದಲ್ಲಿದೆ. ಅಷ್ಟು ದೂರವನ್ನು ಇಲ್ಲೇ ನಡೆಯುತ್ತಿದ್ದಾಳೆ. ಏತಕ್ಕೆ ಎಂದು ಅವರು ಕೇಳಿದಾಗ ನನ್ನ ಎದೆ ಮುಟ್ಟಿ ತೋರಿಸಿದೆ.

ಹೆಲೆನ್ ನನ್ನ ಬೆಂಚಿನ ಕಡೆ ಬೆರಳು ತೋರಿಸಿದರು. "ಹಾಗಾದರೆ ನೀವು ಯಾಕೆ ಕೂತಿದ್ದೀರಿ?" ಎಂದರು.

ಕುಚೋದ್ಯವಲ್ಲ, ನಿಜವಾಗಿಯೂ ತಿಳಿಯಲು ಕೇಳಿದ್ದು. ಡಾಕ್ಟರು ಬೇಡ ಎಂದಿದ್ದಾರೆ ಎಂದೆ. ಅದು ಸುಳ್ಳು. ದಿನಾ ಒಂದು ಗಂಟೆ ನಡೆಯಿರಿ ಎಂದು ಡಾಕ್ಟರು ಹೇಳಿ ಹೇಳಿ ಸುಸ್ತಾಗಿದ್ದಾರೆ.

ಮಧ್ಯಾಹ್ನ ಚಪಾತಿ ತಿಂದೆ. ಗಾಳಿ ತಂಪಾಗಿತ್ತು. ಎಲ್ಲೋ ಮೇಲೆ ಒಂದು ಹಕ್ಕಿ ಗಂಟೆ ಬಾರಿಸಿದ ಹಾಗೆ ಕೂಗುತ್ತಿತ್ತು. ಕಣ್ಣು ಮುಚ್ಚಿದ್ದು ನೆನಪಿದೆ, ಎಷ್ಟು ಹೊತ್ತು ಎಂಬುದು ನೆನಪಿಲ್ಲ. ರತ್ನ ಭುಜ ಅಲುಗಿಸಿದಾಗ ಎಚ್ಚರವಾಯಿತು.

"ಎಷ್ಟಾಯ್ತು?" ಎಂದಳು.

ಚೀಟಿ ನೋಡಿ "ಏಳು" ಎಂದೆ.

"ಎಂಟು."

"ಚೀಟೀಲಿ ಏಳೇ ಗೀಟು ಇರದು ಕಣಮ್ಮಿ."

"ನೀವು ಗೊರ್ಕೆ ಒಡೀವಾಗ ಒಂದು ಸುತ್ತು ಓಗ್ಬುಟ್ಟು ಬಂದೆ. ಏಳುಸ್ಬಾರ್ದು ಅಂತ ಸುಮ್ಕೆ ಪಾದ ತೊಳ್ಕಂಡ್ ಓದೆ."

ಮೂವತ್ತು ವರ್ಷದಲ್ಲಿ ಒಬ್ಬ ಪ್ಯಾಸೆಂಜರನ್ನೂ ಎಣಿಕೆ ತಪ್ಪಿಸಿದವನಲ್ಲ ನಾನು. ಆ ಜಂಬ ಬಿಡಲಾಗದೆ, ಬರೆದಿದ್ದೇ ಲೆಕ್ಕ ಎಂದು ಹಟ ಮಾಡಿದೆ. ಅವಳು ನನ್ನ ಮುಖ ನೋಡಿ, ಕಾಡಿನ ಕಡೆ ನೋಡಿ, ನಿಟ್ಟುಸಿರು ಬಿಟ್ಟಳು.

"ಏಳೇ ಇರ್ಲಿ ಬುಡಿ. ಒಂದು ಎಚ್ಚಾದ್ರೆ ಆಗ್ಲಿ, ಮಾದಪ್ಪುಂಗೆ ಕಮ್ಮಿ ಮಾಡಕಾಯ್ತದಾ? ಅದೂ ನಿಮ್ ಇಸ್ಯದಲ್ಲಿ?"

ಕೊನೆಯ ಸುತ್ತು

ನನ್ನ ಚೀಟಿಯ ಪ್ರಕಾರ ಹನ್ನೊಂದನೇ ಸುತ್ತು ಮುಗಿದಾಗ ಆರು ಗಂಟೆಯಾಗಿತ್ತು. ರತ್ನ ಬರುವುದು ಕಾಣಿಸಿತು, ಕೈಗಂಬಿ ಹಿಡಿದುಕೊಂಡು, ಒಂದು ಕಾಲು ಎಳೆದುಕೊಂಡು. ಬೆಂಚಿನ ಮೇಲೆ ಕೂತವಳು ಏಳಲು ನೋಡಿದಳು, ಆಗಲಿಲ್ಲ. ಮೊಣಕಾಲು ಕೆಂಪಗೆ ಊದಿತ್ತು. ಅಂಗಾಲಿನಲ್ಲಿ ತಂತಿಯ ಅಚ್ಚು ಚೌಕ ಚೌಕವಾಗಿ ಮೂಡಿತ್ತು. ಇನ್ನೊಂದು ಸಲ ಎದ್ದಳು. ಎರಡು ಹೆಜ್ಜೆ ಇಟ್ಟು ನನ್ನ ಭುಜ ಹಿಡಿದುಕೊಂಡಳು.

"ಒಂದೇ ಒಂದು ಸುತ್ತು ಕಣಿ," ಎಂದು ಅಳತೊಡಗಿದಳು. "ಇಷ್ಟ್ ನಡ್ದು ಒಂದಕ್ಕೆ ಸೋತೋದ್ನಲ್ಲ. ನಿಮ್ ಲೆಕ್ಕಾನೆ ದಿಟ ಆಗಿದ್ರೆ? ನಿಮ್ಗೇನಾರ ಆದ್ರೆ ನಾನೇನ್ ಮಾಡ್ಲಿ?"

ಅವಳು ಅಷ್ಟು ಬಿಚ್ಚಿ ಹೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಎರಡು ವರ್ಷದಿಂದ ಇವಳು ಹೊತ್ತುಕೊಂಡು ತಿರುಗಿದ್ದು ಹರಕೆಯನ್ನಲ್ಲ, ಈ ಭಯವನ್ನು. ನಾನು ಅದನ್ನು ನೋಡಿ ನಗುತ್ತ ಕೂತಿದ್ದೆ. ಅವತ್ತು ಮಧ್ಯಾಹ್ನ ನಿದ್ದೆಯನ್ನೂ ಮಾಡಿದ್ದೆ. ನನ್ನ ಹಟಕ್ಕೇ ಅವಳ ಪಾಲಿಗೆ ಇನ್ನೊಂದು ಸುತ್ತು ಉಳಿದಿದ್ದರೆ, ಈ ಅಳುವಿಗೆ ನಾನೇ ಕಾರಣ.

ಶೂ ಕಳಚಿದೆ. ಸಾಕ್ಸ್ ಕಳಚಿದೆ. ಹೆಲೆನ್ ಬಕೆಟ್ ತಂದಿಟ್ಟರು.

"ನೀವು ಬ್ಯಾಡ," ಎಂದು ರತ್ನ ಕೂಗಿದಳು. "ಎದೆಗೆ ಆಗಲ್ಲ, ಕುಂತ್ಕಳಿ!"

"ಸುಮ್ನಿರಮ್ಮಿ. ಅರ್ಧ ಗಂಟೇಲಿ ಬತ್ತೀನಿ," ಎಂದು ನಡೆದೆ.

ಒಳಗೆ ಕಾಲಿಟ್ಟ ಕೂಡಲೇ ಮೈ ಜುಮ್ಮೆಂದಿತು. ಹೆದರಲು ಏನೂ ಇಲ್ಲ ಎಂದು ಹೊರಗೆ ಕೂತು ತೀರ್ಪು ಕೊಟ್ಟವನು ನಾನೇ. ಆದರೆ ಒಳಗೆ ಜರೀಗಿಡದ ದೊಡ್ಡ ಎಲೆಯೊಂದು ಅಲುಗಿದರೂ ನನಗೆ ಕಿವಿ ಬೀಸುವ ಆನೆಯೇ ಕಾಣುತ್ತಿತ್ತು. ಬಸ್ಸು ಇಲ್ಲ, ಬಾಗಿಲು ಇಲ್ಲ, ವಿಸಲ್ ಊದಿದರೆ ನಿಲ್ಲಿಸುವ ಡ್ರೈವರ್ ಇಲ್ಲ. ತಂತಿ ಅಂಗಾಲಿಗೆ ಚುಚ್ಚಿತು. ಹತ್ತು ಹೆಜ್ಜೆಗೇ ಕಣ್ಣಲ್ಲಿ ನೀರು. ಇದರ ಮೇಲೆ ಅವಳು ಬೆಳಿಗ್ಗೆಯಿಂದ ನಡೆದಿದ್ದಾಳೆ, ಒಂದೊಂದು ಸುತ್ತಿಗೂ ಬಂದು ನನಗೆ ಹಕ್ಕಿಯ ಸುದ್ದಿ ಹೇಳಿ ನಗಿಸಿದ್ದಾಳೆ.

ದಾರಿಯ ಆ ತುದಿಯಲ್ಲಿ ಆ ಕಾಡಿನ ಅತಿ ದೊಡ್ಡ ಮರ. ಅದರ ಸುತ್ತ ಬೇಲಿ, ಮುಟ್ಟುವ ಹಾಗಿಲ್ಲ. ಏರುದಾರಿಯಲ್ಲಿ ಬಂದ ನನಗೆ ಉಸಿರು ಕಟ್ಟಿತು. ಬೇಲಿ ಹಿಡಿದು ನಿಂತೆ. ಎದೆ ಢವಢವ ಎನ್ನುತ್ತಿತ್ತು. ಇದೇನಾ ಕೊನೆ ಎಂದು ಒಂದು ಕ್ಷಣ ಅನ್ನಿಸಿದ್ದು ಸುಳ್ಳಲ್ಲ. ಆಗ ನಾನು ಮಾದಪ್ಪನನ್ನು ನೆನೆದೆ. ನನ್ನ ಹೃದಯ ಚೆನ್ನಾಗಿರಲಿ ಎಂದು ಕೇಳಲಿಲ್ಲ. ಅವಳು ಬೆಂಚಿನ ಮೇಲೆ ಅಳುತ್ತ ಕೂತಿದ್ದಾಳೆ, ಅಲ್ಲಿಯ ತನಕ ಮುಟ್ಟಿಸು ಎಂದಷ್ಟೇ ಕೇಳಿಕೊಂಡೆ. ಉಸಿರು ತಹಬಂದಿಗೆ ಬಂತು. ನಿಧಾನವಾಗಿ ಇಳಿಯತೊಡಗಿದೆ.

ಬಾಗಿಲ ಹತ್ತಿರ ಬಂದಾಗ ರತ್ನ ಬೆಂಚು ಬಿಟ್ಟು ಚಪ್ಪರದ ಕಂಬ ಹಿಡಿದು ನಿಂತಿದ್ದಳು. ನನ್ನನ್ನು ಕಂಡವಳೇ ಕೈ ಚಾಚಿ ನನ್ನ ಎದೆಯ ಮೇಲೆ ಅಂಗೈ ಇಟ್ಟು ನೋಡಿದಳು. ಮದುವೆಯಾಗಿ ನಲವತ್ತು ವರ್ಷದಲ್ಲಿ ನಾಲ್ಕು ಜನರೆದುರು ಅವಳು ನನ್ನ ಎದೆ ಮುಟ್ಟಿದ್ದು ಅದೇ ಮೊದಲು.

"ಚೆನ್ನಾಗೇ ಬಡ್ಕತದೆ," ಎಂದಳು.

ಹೆಲೆನ್ ತಮ್ಮ ಪುಸ್ತಕ ತೆರೆದು ತೋರಿಸಿದರು. ಪಾದ ತೊಳೆದು ಒಳಗೆ ಹೋದ ಪ್ರತಿಯೊಬ್ಬರನ್ನೂ ಹೊತ್ತಿನ ಸಮೇತ ಬರೆದಿದ್ದರು. ಕೆಂಪು ಸೀರೆ, ಕೆಂಪು ಸೀರೆ, ಕೆಂಪು ಸೀರೆ. ಬೆರಳಿಟ್ಟು ಎಣಿಸಿದೆ. ಹನ್ನೆರಡು. ಮಧ್ಯಾಹ್ನ ನಾನು ಗೊರಕೆ ಹೊಡೆದ ಹೊತ್ತಿನ ಸುತ್ತೂ ಅದರಲ್ಲಿತ್ತು. ಅದರ ಕೆಳಗೆ ಕೊನೆಯ ಸಾಲಿನಲ್ಲಿ ಬೇರೆಯಾಗಿ ನನ್ನದೊಂದು.

"ನಾನು ಎಂಟು ಅಂದಾಗ ನಂಬುದ್ರಾ?" ಎಂದಳು ರತ್ನ. ಅಳು ನಿಂತಿತ್ತು. ಮುಖದಲ್ಲಿ ಗೆದ್ದ ಕಳೆ ಇತ್ತು. ಅವಳ ಹರಕೆ ನಾನು ಶೂ ಕಳಚುವ ಮೊದಲೇ ತೀರಿಹೋಗಿತ್ತು.

"ಹಂಗಾದ್ರೆ ನಾನು ನಡ್ದಿದ್ದು ಯಾವ ಲೆಕ್ಕಕ್ಕಮ್ಮಿ?" ಎಂದು ಕೇಳಿದೆ.

ಅವಳು ಊದಿದ ಮೊಣಕಾಲನ್ನು ಸವರಿಕೊಂಡಳು.

"ಇದ್ಕಿರ್ಲಿ ಬುಡಿ. ನಲ್ವತ್ ವರ್ಸಕ್ಕೆ ನನ್ ಎಸ್ರಲ್ಲಿ ಒಂದು ಅರ್ಕೆ ಸುರು ಮಾಡಿದ್ದೀರಿ," ಎಂದಳು. "ಅರ್ಕೆ ಅಂದ್ರೆ ಮೂರು ವರ್ಸ. ಇನ್ನೆರಡು ವರ್ಸ ತಾಳಬೆಟ್ಟದಿಂದ, ಬರಿಗಾಲಲ್ಲಿ. ನೆಪ್ಪಿರ್ಲಿ."

ಗೇಟಿನ ಹೊರಗೆ ಮಹೇಶ ಹಾರನ್ ಹೊಡೆದ. ನಾನು ಚೀಟಿಯನ್ನು ಮಡಿಚಿ ಜೇಬಿಗಿಟ್ಟು, ಅವಳ ಕೈಯನ್ನು ನನ್ನ ಹೆಗಲ ಮೇಲೆ ಹಾಕಿಕೊಂಡು, ಆಗಲಿ ಎಂದೆ.